ಬ್ರಾಂಪ್ಟನ್ನಿನಲ್ಲಿ ಮೊದಲ ಕಾರು ಕೊಳ್ಳುವ ತಮ್ಮನಿಗೆ

ಅಕ್ಕಾ ಅಂತ ಕರೆದು ಬರೆದಿದ್ದೀಯ, ಹಾಗಾಗಿ ಏಕವಚನದಲ್ಲೇ ಮಾತಾಡುತ್ತೇನೆ. ನೀನು ಕೇಳಿದ್ದು ಇಷ್ಟು: ಕೆನಡಾದ ಒಂಟಾರಿಯೋ ಪ್ರಾಂತ್ಯದ ಬ್ರಾಂಪ್ಟನ್ನಿಗೆ ಬಂದು ತಿಂಗಳಾಯಿತು, ಹೆಂಡತಿ ಮತ್ತು ಪುಟ್ಟ ಮಗು ಜೊತೆಗಿದ್ದಾರೆ, ಕೆಲಸ ಮಿಸ್ಸಿಸಾಗಾದಲ್ಲಿ. ಯಾರೋ ಒಬ್ಬರು ಟೊಯೊಟಾ ಹೈಲ್ಯಾಂಡರ್ ಅನ್ನುವ ದೊಡ್ಡ ಎಸ್‌ಯುವಿಯನ್ನು ಮಾರುಕಟ್ಟೆಗಿಂತ ಕಡಿಮೆ ಬೆಲೆಗೆ ಕೊಡುತ್ತೇನೆ ಅನ್ನುತ್ತಿದ್ದಾರೆ. ತೆಗೆದುಕೊಳ್ಳಲೇ? ಇನ್ಶೂರೆನ್ಸ್ ಎಷ್ಟಾದೀತು? ಇಲ್ಲಿ ಕಾರು ಕದಿಯುತ್ತಾರಂತೆ, ನಿಜವೇ? ಟೆಕ್ಸಾಸಿನಲ್ಲಿರುವ ಭಾವ ಕೊರಿಯಾದ ಕಾರುಗಳನ್ನು ಮುಟ್ಟಲೇಬೇಡ ಅನ್ನುತ್ತಾರೆ, ಹೌದೇ?

ಕಾರು ಬೇಕೇ ಅನ್ನುವ ಮಾತನ್ನು ನಾನು ಎತ್ತುವುದಿಲ್ಲ. ನಾವು 2011ರ ನವೆಂಬರಿನಲ್ಲಿ ಬಂದಿಳಿದಾಗ ಮೊದಲ ಚಳಿಗಾಲ ಪೂರ್ತಿ ಬಸ್ಸಿನಲ್ಲೇ ಕಳೆಯಿತು. ಒಂದು ಕೈಯಲ್ಲಿ ನಾಲ್ಕು ಲೀಟರ್ ಹಾಲಿನ ಚೀಲ, ಇನ್ನೊಂದು ಕೈಯಲ್ಲಿ ಅಕ್ಕಿ, ಸೊಂಟದ ಮೇಲೆ ಮಗು. ಜನವರಿಯ ಗಾಳಿಯಲ್ಲಿ ಹಾಗೆ ಬಸ್‌ಸ್ಟಾಪಿನಲ್ಲಿ ನಿಂತವಳು ಯಾರಿಗೂ ಕಾರು ಬೇಡ ಅನ್ನಲಾರಳು. ನಾನು ನನ್ನ ಕಾರನ್ನು ನಾನೇ ಓಡಿಸಿಕೊಂಡು ಗೋ ರೈಲು ಸ್ಟೇಷನ್ನಿಗೆ ಹೋದ ದಿನ ಈ ಊರು ನನ್ನದೂ ಹೌದು ಅನ್ನಿಸಿತು. ಆ ಸಂತೋಷ ನಿನ್ನ ಹೆಂಡತಿಗೂ ಸಿಗಲಿ. ಲೈಸೆನ್ಸ್ ಅವಳೂ ಮಾಡಿಸಿಕೊಳ್ಳಲಿ, ನಿನ್ನದಾಗುವವರೆಗೆ ಕಾಯಿಸಬೇಡ. ಆದರೆ ಯಾವ ಕಾರು ಅನ್ನುವುದನ್ನು ನೀನೊಬ್ಬನೇ ತೀರ್ಮಾನಿಸುವ ಹಾಗಿಲ್ಲ. ವಿಮೆ ಕಂಪನಿಗೂ ಕಳ್ಳನಿಗೂ ಆ ತೀರ್ಮಾನದಲ್ಲಿ ಪಾಲಿದೆ.

ಮೊದಲು ವಿಮೆ. ನಮ್ಮಲ್ಲಿ ಇನ್ಶೂರೆನ್ಸ್ ಅಂದರೆ ಶೋರೂಮಿನವರು ಬಿಲ್ಲಿಗೆ ಸೇರಿಸಿಬಿಡುವ ಒಂದು ಕಾಗದ. 1000 ಸಿಸಿಯೊಳಗಿನ ಕಾರಿಗೆ ಥರ್ಡ್ ಪಾರ್ಟಿ ವರ್ಷಕ್ಕೆ 2,094 ರೂಪಾಯಿ ಅಂತ 2022ರಲ್ಲಿ ಸರಕಾರವೇ ನಿಗದಿ ಮಾಡಿತ್ತು. ಕಾರು ಹಳೆಯದಾದಷ್ಟೂ ಅದರ ಮೌಲ್ಯ ಇಳಿಯುತ್ತದೆ, ಪ್ರೀಮಿಯಂ ಕೂಡ ಇಳಿಯುತ್ತದೆ. ಆ ಲೆಕ್ಕವನ್ನು ಇಲ್ಲಿಗೆ ತರಬೇಡ. ಒಂಟಾರಿಯೋದಲ್ಲಿ ದರ ನಿಂತಿರುವುದು ಓಡಿಸುವವನ ಮೇಲೆ, ಅವನು ಮಲಗುವ ಮನೆಯ ಪೋಸ್ಟಲ್ ಕೋಡಿನ ಮೇಲೆ, ಆ ಮಾದರಿಯ ಕಾರಿನ ಮೇಲೆ ಹಿಂದೆ ಎಷ್ಟು ಕ್ಲೇಮು ಬಂದಿದೆ ಅನ್ನುವುದರ ಮೇಲೆ. ಊರಿನಲ್ಲಿ ಹತ್ತು ವರ್ಷ ಓಡಿಸಿದ ಅನುಭವವನ್ನು ಹಲವು ಕಂಪನಿಗಳು ಲೆಕ್ಕಕ್ಕೇ ಹಿಡಿಯುವುದಿಲ್ಲ, ಕೆಲವು ಸ್ವಲ್ಪ ಹಿಡಿಯುತ್ತವೆ. ಬ್ರಾಂಪ್ಟನ್ನಿನ ಪೋಸ್ಟಲ್ ಕೋಡುಗಳು ಇಡೀ ಪ್ರಾಂತ್ಯದಲ್ಲೇ ದುಬಾರಿಯವುಗಳಲ್ಲಿ ಸೇರಿವೆ. ಹೀಗಾಗಿ ಹೊಸಬರಿಗೆ ಮೊದಲ ವರ್ಷದ ವಿಮೆ ತಿಂಗಳ ಕಾರುಸಾಲದ ಕಂತನ್ನೂ ಮೀರಬಹುದು. ನಿನಗೆ ಎಷ್ಟಾಗುತ್ತದೆ ಅಂತ ನಾನು ಸಂಖ್ಯೆ ಹೇಳಿದರೆ ಅದು ಸುಳ್ಳಾಗುತ್ತದೆ. ಒಂದೇ ಬೀದಿಯ ಎರಡು ಮನೆಗೆ ಎರಡು ದರ ಬರುವುದನ್ನು ನೋಡಿದ್ದೇನೆ.

ಕಾರು ನೋಡಿ ಮನಸ್ಸು ಸೋಲುವ ಮೊದಲು ಕ್ವೋಟ್ ತೆಗೆದುಕೋ. ಮೂರು ಕಾರುಗಳ ವಿನ್ ನಂಬರ್, ಅಂದರೆ ನಮ್ಮ ಚಾಸಿಸ್ ನಂಬರ್, ವಿಮೆ ಬ್ರೋಕರಿಗೆ ಕೊಟ್ಟು ಮೂರಕ್ಕೂ ದರ ಕೇಳು. ಒಂದೇ ಬೆಲೆಯ ಎರಡು ಕಾರುಗಳಿಗೆ ವಿಮೆಯಲ್ಲಿ ಎಷ್ಟು ಅಂತರ ಬರುತ್ತದೆ ಅಂತ ಆಗ ಗೊತ್ತಾಗುತ್ತದೆ. ಬ್ರೋಕರ್ ಹೆಸರು ಪ್ರಾಂತ್ಯದ ನೋಂದಣಿ ಸಂಸ್ಥೆಯಾದ ರಿಬೋದ ಪಟ್ಟಿಯಲ್ಲಿ ಇದೆಯೇ ಅಂತ ನೋಡಿಕೊಂಡೇ ಮುಂದುವರಿ. ವಾಟ್ಸಾಪಿನಲ್ಲಿ ಅರ್ಧ ಬೆಲೆಗೆ ಪಿಂಕ್ ಸ್ಲಿಪ್, ಅಂದರೆ ವಿಮೆ ಇದೆ ಅನ್ನುವ ಚೀಟಿ, ಮಾಡಿಸಿಕೊಡುವವರು ಇದ್ದಾರೆ, ಅದು ನಕಲಿ ಕಾಗದ. ಪೊಲೀಸ್ ತಡೆದಾಗ ಅದು ವಿಮೆಯಿಲ್ಲದ ಕಾರು. ಮೊದಲ ತಪ್ಪಿಗೇ ದಂಡ ಕನಿಷ್ಠ 5,000 ಡಾಲರ್, 25,000ದವರೆಗೂ ಹೋಗಬಹುದು.

ಇನ್ನೊಂದು ಸಲಹೆ ನಿನ್ನ ಕಿವಿಗೆ ಈಗಾಗಲೇ ಬಿದ್ದಿರುತ್ತದೆ: ಇದೇ ಪ್ರಾಂತ್ಯದ ಲಂಡನ್ ಊರಿನಲ್ಲೋ ಬ್ಯಾರಿಯಲ್ಲೋ ಇರುವ ಗೆಳೆಯನ ವಿಳಾಸ ಕೊಡು, ಪ್ರೀಮಿಯಂ ಇಳಿಯುತ್ತದೆ ಅಂತ. ನಮ್ಮವರೇ ಹೇಳುತ್ತಾರೆ, ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ. ಕೈಮುಗಿದು ಕೇಳುತ್ತೇನೆ, ಹಾಗೆ ಮಾಡಬೇಡ. ವರ್ಷವಿಡೀ ಹಣ ಕಟ್ಟಿಸಿಕೊಂಡು, ಅಪಘಾತವೋ ಕಳವೋ ಆದ ದಿನ ವಿಮೆ ಕಂಪನಿಯವರು ವಿಳಾಸ ಪರಿಶೀಲಿಸುತ್ತಾರೆ. ಸುಳ್ಳು ಹೇಳಿದ್ದೀಯ ಅಂತ ಕ್ಲೇಮು ನಿರಾಕರಿಸಿ ಪಾಲಿಸಿ ರದ್ದು ಮಾಡುವ ಹಕ್ಕು ಅವರಿಗಿದೆ, ಆಮೇಲೆ ಬೇರೆ ಕಂಪನಿಯೂ ಸುಲಭಕ್ಕೆ ಸೇರಿಸಿಕೊಳ್ಳುವುದಿಲ್ಲ. ವಾರಾಂತ್ಯದಲ್ಲಿ ಊಟ ಡೆಲಿವರಿ ಮಾಡುವ ಯೋಚನೆಯಿದ್ದರೆ ಅದನ್ನೂ ಮೊದಲೇ ಹೇಳು. ಕಂತು ಒಂದನ್ನೂ ತಪ್ಪಿಸಬೇಡ, ಹಣ ಕಟ್ಟದೆ ರದ್ದಾದ ಪಾಲಿಸಿಯ ದಾಖಲೆ ವರ್ಷಗಟ್ಟಲೆ ಬೆನ್ನುಹತ್ತುತ್ತದೆ.

ಕವರೇಜಿನ ವಿಷಯ ಚುಟುಕಾಗಿ ಹೇಳುತ್ತೇನೆ, ಉಳಿದದ್ದನ್ನು ಬ್ರೋಕರ್ ಹೇಳುತ್ತಾರೆ. ಬೇರೆಯವರಿಗಾದ ಹಾನಿಗೆ ಕಾನೂನು ಕೇಳುವುದು 2 ಲಕ್ಷ ಡಾಲರ್, ನೀನು 20 ಲಕ್ಷದ್ದು ತೆಗೆದುಕೋ. ಎರಡರ ನಡುವಿನ ಪ್ರೀಮಿಯಂ ವ್ಯತ್ಯಾಸ ನೀನು ಹೆದರುವಷ್ಟಿಲ್ಲ. ಆದರೆ ಇದೊಂದನ್ನು ಮರೆಯಬೇಡ: ಕಡ್ಡಾಯ ವಿಮೆಯಲ್ಲಿ ಕಳವು ಸೇರಿಲ್ಲ. ಕಾಂಪ್ರಹೆನ್ಸಿವ್, ಆಲ್ ಪೆರಿಲ್ಸ್‌ನಂಥ ಕಳವು ಸೇರಿರುವ ಕವರೇಜನ್ನು ಬೇರೆಯಾಗಿ ತೆಗೆದುಕೊಂಡಿದ್ದರೆ ಮಾತ್ರ ಕದ್ದ ಕಾರಿಗೆ ಹಣ. ಕಾರಿನ ಒಳಗಿದ್ದ ನಿನ್ನ ಸಾಮಾನಿಗೆ ಅದರಲ್ಲೂ ಇಲ್ಲ, ಅದು ಬಾಡಿಗೆದಾರರ ವಿಮೆಯ ಲೆಕ್ಕ. ಬೇಸ್‌ಮೆಂಟಿನಲ್ಲಿದ್ದರೂ ಆ ವಿಮೆ ಮಾಡಿಸು. ಎರಡನ್ನೂ ಒಂದೇ ಕಡೆ ಮಾಡಿಸಿದರೆ ಸಾಮಾನ್ಯವಾಗಿ ರಿಯಾಯಿತಿ ಇರುತ್ತದೆ. ಚಳಿಗಾಲದ ಟೈರು ಹಾಕಿಸಿದವರಿಗೆ ರಿಯಾಯಿತಿ ಕೊಡಲೇಬೇಕು ಅಂತ 2016ರಿಂದ ನಿಯಮವಿದೆ, ಕೇಳಿ ಪಡೆದುಕೋ.

ಈಗ ಕಳವು. ನಿಜ ತಮ್ಮಾ, ಕದಿಯುತ್ತಾರೆ. 2023ರಲ್ಲಿ ಕೆನಡಾದ ವಿಮೆ ಕಂಪನಿಗಳು ಕದ್ದ ವಾಹನಗಳಿಗಾಗಿ ಕೊಟ್ಟ ಹಣ 150 ಕೋಟಿ ಡಾಲರ್ ದಾಟಿತು. 2024ರ ಫೆಬ್ರವರಿಯಲ್ಲಿ ಇದಕ್ಕೆಂದೇ ಒಟ್ಟಾವದಲ್ಲಿ ರಾಷ್ಟ್ರೀಯ ಶೃಂಗಸಭೆ ನಡೆಯಿತು. ಆ ವರ್ಷ ಕಳವಿನ ಸಂಖ್ಯೆ ಇಳಿಯಿತು ಅನ್ನುವುದು ಸಮಾಧಾನ. ಆದರೆ 2023ರಲ್ಲಿ ಅತಿ ಹೆಚ್ಚು ಕಳವಾದ ಕಾರುಗಳ ಪಟ್ಟಿಯಲ್ಲಿ ಮೊದಲ ಸ್ಥಾನದಲ್ಲಿದ್ದುದು ನಿನಗೆ ಯಾರೋ ಕಡಿಮೆಗೆ ಕೊಡುತ್ತೇನೆ ಅಂದ ಅದೇ ಹೈಲ್ಯಾಂಡರ್. ಅದರ ಹಿಂದಿನ ವರ್ಷ ಹೋಂಡಾ ಸಿಆರ್-ವಿ. ಕಾರು ಕೆಟ್ಟದ್ದು ಅಂತಲ್ಲ, ಒಳ್ಳೆಯದು ಅಂತಲೇ ಕದಿಯುತ್ತಾರೆ. ಕದ್ದದ್ದನ್ನು ಕಂಟೇನರಿಗೆ ತುಂಬಿ ಮಾಂಟ್ರಿಯಲ್ ಬಂದರಿನಿಂದ ಪಶ್ಚಿಮ ಆಫ್ರಿಕಾಕ್ಕೋ ಮಧ್ಯಪ್ರಾಚ್ಯಕ್ಕೋ ಸಾಗಿಸುತ್ತಾರೆ. ಅಲ್ಲಿ ಒಳ್ಳೆಯ ಬೆಲೆ ಬರುವ ಮಾದರಿಗಳೇ ಇಲ್ಲಿ ಕಳ್ಳನಿಗೆ ಇಷ್ಟ.

ಟೆಕ್ಸಾಸಿನ ಭಾವ ಹೇಳಿದ್ದು ಅಲ್ಲಿಗೆ ಸರಿ. ಅಮೆರಿಕದಲ್ಲಿ ಮಾರಿದ ಹಲವು ಹ್ಯುಂಡೈ, ಕಿಯಾ ಕಾರುಗಳಲ್ಲಿ ಇಮ್ಮೊಬಿಲೈಸರ್, ಅಂದರೆ ಸರಿಯಾದ ಕೀಲಿಯಿಲ್ಲದೆ ಎಂಜಿನ್ ಚಾಲೂ ಆಗದಂತೆ ತಡೆಯುವ ಸಾಧನ, ಇರಲಿಲ್ಲ, ಅದಕ್ಕೇ ಅಷ್ಟು ಸಲೀಸಾಗಿ ಕದ್ದರು. ಕೆನಡಾದಲ್ಲಿ 2007ರ ಸೆಪ್ಟೆಂಬರಿನಿಂದ ಹೊಸ ಕಾರುಗಳಿಗೆ ಅದು ಕಡ್ಡಾಯ. ಇಲ್ಲಿಯ ಕಳ್ಳರ ದಾರಿ ಬೇರೆ. ಕೀಲಿಯನ್ನು ಜೇಬಿನಲ್ಲಿಟ್ಟುಕೊಂಡೇ ತೆರೆಯಬಹುದಾದ ಕಾರುಗಳಿವೆಯಲ್ಲ, ಆ ಕೀಲಿಯ ಸಿಗ್ನಲ್ಲನ್ನು ಹಿಡಿಯುತ್ತಾರೆ. ಒಬ್ಬ ಆಂಟೆನಾ ಹಿಡಿದು ಮುಂಬಾಗಿಲ ಹತ್ತಿರ ನಿಲ್ಲುತ್ತಾನೆ, ಇನ್ನೊಬ್ಬ ಕಾರಿನ ಹತ್ತಿರ. ಕೀಲಿ ಪಕ್ಕದಲ್ಲೇ ಇದೆ ಅಂತ ನಂಬಿ ಕಾರು ತೆರೆದುಕೊಳ್ಳುತ್ತದೆ. ಬೇರೆ ದಾರಿಗಳೂ ಇವೆ. ಸ್ಟೀರಿಂಗ್ ಕೆಳಗೆ ಮೆಕ್ಯಾನಿಕ್ ಕಾರು ಪರೀಕ್ಷಿಸಲು ಇರುವ ಓಬಿಡಿ ಪೋರ್ಟಿಗೆ ಯಂತ್ರ ಜೋಡಿಸಿ ಹೊಸ ಕೀಲಿಯನ್ನೇ ಮಾಡಿಕೊಳ್ಳುತ್ತಾರೆ, ಹೆಡ್‌ಲೈಟಿನ ಹಿಂದಿನ ವೈರಿನಿಂದಲೂ ಒಳಹೊಗುತ್ತಾರೆ.

ಇದನ್ನೆಲ್ಲ ನಾನು ಕಲಿತದ್ದು 2023ರ ಬೇಸಿಗೆಯಲ್ಲಿ. ಅಪ್ಪ ಅಮ್ಮ ಮೊದಲ ಸಲ ನಮ್ಮನೆಗೆ ಬಂದಿದ್ದರು. ನಮ್ಮದು ಆಗ ಒಂದು ದೊಡ್ಡ ಎಸ್‌ಯುವಿ, ಅವರು ಬರುತ್ತಾರೆ ಅಂತಲೇ ಕೊಂಡದ್ದು, ಅಮ್ಮನ ಮಂಡಿಗೆ ಹತ್ತಿಳಿಯಲು ಸುಲಭವಾಗಲಿ ಅಂತ. ಅಪ್ಪ ಸಂಜೆ ವಾಕಿಂಗ್ ಮುಗಿಸಿ ಬಂದು, ಮೇಜಿನ ಮೇಲಿದ್ದ ಕಾರಿನ ಕೀಲಿಯನ್ನು ತೆಗೆದು ಬಾಗಿಲ ಪಕ್ಕದ ಮೊಳೆಗೆ ನೇತುಹಾಕುತ್ತಿದ್ದರು. ನಿನಗೆ ಗೊತ್ತಲ್ಲ, ನಮ್ಮ ಮನೆಗಳಲ್ಲಿ ಕೀಲಿಯ ಜಾಗ ಅದೇ. ಕತ್ತಲಲ್ಲಿ ಕರೆಂಟು ಹೋದರೂ ಕೈಗೆ ಸಿಗಬೇಕು. ಒಂದು ಬೆಳಗ್ಗೆ ಡ್ರೈವ್‌ವೇ ಖಾಲಿ. ಗಾಜಿನ ಚೂರೂ ಇಲ್ಲ, ಸದ್ದೂ ಆಗಿರಲಿಲ್ಲ. ಕೀಲಿ ಮೊಳೆಯಲ್ಲೇ ಇತ್ತು.

ಪೊಲೀಸ್ ವರದಿಯಾಯಿತು, ಕಾರು ಮರಳಲಿಲ್ಲ, ವಿಮೆಯ ಹಣ ಬಂತು. ಮಗನ ಬೂಸ್ಟರ್ ಸೀಟು, ಡ್ಯಾಶ್‌ಬೋರ್ಡಿನ ಡಬ್ಬಿಯಲ್ಲಿದ್ದ ಅಪ್ಪನ ಕನ್ನಡಕ ಹೋದವು, ಅವನ್ನೂ ಹೊಸದಾಗಿ ತಂದೆವು. ಸರಿಹೋಗದೆ ಉಳಿದದ್ದು ಅಪ್ಪನ ಮನಸ್ಸು. ಸಿಗ್ನಲ್ ಬಾಗಿಲವರೆಗೆ ಬರುತ್ತದೆ ಅಂತ ಪೊಲೀಸರು ವಿವರಿಸುವಾಗ ಅವರು ಪಕ್ಕದಲ್ಲೇ ನಿಂತಿದ್ದರು, ಇಂಗ್ಲಿಷ್ ಅವರಿಗೆ ಚೆನ್ನಾಗಿ ಅರ್ಥವಾಗುತ್ತದೆ. ನಿವೃತ್ತ ಮೇಷ್ಟ್ರು, ಇನ್ನೊಬ್ಬರ ಒಂದು ಪೆನ್ನು ಕಳೆದರೂ ತಂದುಕೊಡುವವರು. ಬೇರೆ ದಾರಿಯಲ್ಲೂ ಕದ್ದಿರಬಹುದು ಅಪ್ಪ, ಯಾವುದು ಅಂತ ಯಾರಿಗೂ ಗೊತ್ತಿಲ್ಲ ಅಂತ ಎಷ್ಟು ಹೇಳಿದರೂ ತಲೆಯಾಡಿಸಿ ಸುಮ್ಮನಾಗುತ್ತಿದ್ದರು. ನಯಾಗರಾಕ್ಕೆ ಬಾಡಿಗೆ ಕಾರು ಬೇಡ, ಖರ್ಚು ಅಂದರು. ಹೊರಡುವ ಮೊದಲು, ಮೊಮ್ಮಗನಿಗೆ ಅಂತ ತಂದಿದ್ದ ಹಣದ ಕವರನ್ನು ನನ್ನ ಗಂಡನ ಕೈಗೆ ಕೊಟ್ಟು ಕಾರಿಗೆ ಸೇರಿಸಿಕೊಳ್ಳಿ ಅಂದರು. ಇವರು ಎಷ್ಟು ಬೇಡ ಅಂದರೂ ವಾಪಸು ತೆಗೆದುಕೊಳ್ಳಲಿಲ್ಲ.

2024ರ ಮಾರ್ಚಿನಲ್ಲಿ ಒಂದು ಸುದ್ದಿ ದೊಡ್ಡದಾಯಿತು. ಟೊರಾಂಟೊ ಪೊಲೀಸ್ ಅಧಿಕಾರಿಯೊಬ್ಬರು ನಾಗರಿಕರ ಸಭೆಯಲ್ಲಿ, ಕಳ್ಳರು ಕೀಲಿಗಾಗಿ ಮನೆಯೊಳಗೆ ನುಗ್ಗಿ ಹಲ್ಲೆ ಮಾಡುವುದು ತಪ್ಪಲಿ, ಕೀಲಿಯನ್ನು ಮುಂಬಾಗಿಲ ಬಳಿಯೇ ಇಡಿ ಅಂತ ಸಲಹೆ ಕೊಟ್ಟಿದ್ದರು. ಜನ ಸಿಟ್ಟಾದರು, ಇಲಾಖೆ ಸಮಜಾಯಿಷಿ ಕೊಟ್ಟಿತು. ನಾನು ಮಾತ್ರ ಆ ಸುದ್ದಿಯನ್ನು ಫೋನಿನಲ್ಲಿ ಅಪ್ಪನಿಗೆ ಓದಿ ಹೇಳಿದೆ, ನೋಡಿ, ಇಲ್ಲಿಯ ಪೊಲೀಸರೇ ನಿಮ್ಮ ಹಾಗೆ ಇಡಿ ಅನ್ನುತ್ತಾರೆ ಅಂತ. ಹೌದಾ ಅಂದರು, ಆಮೇಲೆ ಮಳೆಯ ವಿಷಯ ತೆಗೆದರು. ಮತ್ತೊಮ್ಮೆ ಬನ್ನಿ ಅಂದಾಗಲೆಲ್ಲ ಈಗ ಪ್ರಯಾಣ ಆಗುವುದಿಲ್ಲ ಅನ್ನುತ್ತಾರೆ. ಕಾರಿನ ಹಣ ಕಾರಿನ ಹಣವೇ, ಅದು ಬಂತು. ಆ ಬೇಸಿಗೆಯಲ್ಲಿ ಅವರಿಗೆ ನಾನು ಕೊಡಬೇಕು ಅಂದುಕೊಂಡಿದ್ದ ನೆಮ್ಮದಿಗೆ ಯಾವ ಪಾಲಿಸಿಯೂ ಇಲ್ಲ. ನಿನ್ನ ಅಪ್ಪ ಅಮ್ಮನೂ ಒಂದು ದಿನ ಬರುತ್ತಾರೆ, ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಆದ್ದರಿಂದ ನನ್ನ ಮಾತು: ಮೊದಲ ಎರಡು ಮೂರು ವರ್ಷ, ಇಲ್ಲಿಯ ದಾಖಲೆ ಗಟ್ಟಿಯಾಗುವವರೆಗೆ, ಕಳ್ಳನ ಕಣ್ಣಿಗೆ ಬೀಳದ ಕಾರು ತೆಗೆದುಕೋ. ಕೆಲವು ವರ್ಷ ಓಡಿದ ಮಜ್ದಾ 3 ಅಥವಾ ಹ್ಯುಂಡೈ ಎಲಾಂಟ್ರಾದಂಥ ಸೆಡಾನ್ ಸಾಕು. ಮಗುವಿನ ಸೀಟು, ಸ್ಟ್ರೋಲರು, ವಾರದ ದಿನಸಿ ಎಲ್ಲ ಹಿಡಿಯುತ್ತದೆ. ಹೋಂಡಾ ಸಿವಿಕ್ ನನಗೂ ಇಷ್ಟ, ಆದರೆ ಅದೂ ಕಳವಿನ ಪಟ್ಟಿಯಲ್ಲಿ ಬಂದಿದೆ. ಸಾಧ್ಯವಾದರೆ ತಿರುಗಿಸಿ ಸ್ಟಾರ್ಟ್ ಮಾಡುವ ಕೀಲಿಯ ಕಾರನ್ನೇ ನೋಡು. ಬಟನ್ ಸ್ಟಾರ್ಟ್ ಆದರೆ ಕೀಲಿಗೆ ಸಿಗ್ನಲ್ ತಡೆಯುವ ಚೀಲ ತಂದಿಡು, ಸ್ಟೀರಿಂಗಿಗೆ ಕಬ್ಬಿಣದ ಲಾಕು ಹಾಕು, ಓಬಿಡಿ ಪೋರ್ಟಿಗೂ ಲಾಕು ಸಿಗುತ್ತದೆ. ಹೆಚ್ಚು ಕಳವಾಗುವ ಮಾದರಿಗಳಿಗೆ ಕೆಲವು ಕಂಪನಿಗಳು ಟ್ರ್ಯಾಕರ್ ಹಾಕಿಸದಿದ್ದರೆ ಹೆಚ್ಚುವರಿ ಹಣ ಕೇಳುತ್ತವೆ, ಅದನ್ನೂ ಕ್ವೋಟಿನ ಹೊತ್ತಿನಲ್ಲೇ ವಿಚಾರಿಸು. ಎಲೆಕ್ಟ್ರಿಕ್ ಕಾರಿನ ಬಗ್ಗೆ ಓಡಿಸಿದವರನ್ನು ಕೇಳು, ನಾನು ಓಡಿಸಿಲ್ಲ.

ಆ ಹೈಲ್ಯಾಂಡರಿನ ಕಡಿಮೆ ಬೆಲೆಯೇ ನನ್ನನ್ನು ಹೆದರಿಸುತ್ತದೆ. ಕದ್ದ ಕಾರುಗಳೆಲ್ಲ ಹಡಗು ಹತ್ತುವುದಿಲ್ಲ. ಕೆಲವಕ್ಕೆ ಬೇರೆ ಕಾರಿನ ವಿನ್ ನಂಬರ್ ಅಂಟಿಸಿ, ಕಾಗದ ಹುಟ್ಟಿಸಿ, ಇಲ್ಲೇ ಮಾರುತ್ತಾರೆ. ಪೊಲೀಸರು ಪತ್ತೆ ಹಚ್ಚಿದ ದಿನ ಕಾರನ್ನು ತೆಗೆದುಕೊಂಡು ಹೋಗುತ್ತಾರೆ, ಕೊಟ್ಟ ಹಣ ನಿನ್ನದು ಹೋದಂತೆ, ಸಾಲ ಮಾಡಿದ್ದರೆ ಕಂತು ನಿಲ್ಲುವುದಿಲ್ಲ. ಹೊಸದಾಗಿ ಬಂದವರೇ ಇವರಿಗೆ ಸುಲಭದ ಗಿರಾಕಿ, ಯಾಕೆಂದರೆ ನಮಗೆ ಇಲ್ಲಿಯ ಕಾಗದಪತ್ರದ ಪರಿಚಯವಿರುವುದಿಲ್ಲ, ಮಾರುವವನು ನಮ್ಮ ಭಾಷೆಯಲ್ಲಿ ಎರಡು ಮಾತಾಡಿದರೆ ನಂಬಿಬಿಡುತ್ತೇವೆ. ಖಾಸಗಿಯಾಗಿ ಮಾರುವವರು ಒಂಟಾರಿಯೋದಲ್ಲಿ ಯುವಿಐಪಿ ಅನ್ನುವ ಮಾಹಿತಿ ಪೊಟ್ಟಣ ಕೊಡಲೇಬೇಕು, ಸರ್ವಿಸ್ ಒಂಟಾರಿಯೋ ಅನ್ನುವ ಸರಕಾರಿ ಕಚೇರಿಯಲ್ಲಿ 20 ಡಾಲರಿಗೆ ನೀನೂ ತೆಗೆಸಬಹುದು. ಅದರ ಜೊತೆ ಕಾರಿನ ಹಿಂದಿನ ಚರಿತ್ರೆ ಹೇಳುವ ಕಾರ್‌ಫ್ಯಾಕ್ಸ್ ವರದಿ ನೋಡು. ಮುಂದಿನ ಗಾಜಿನ ಕೆಳಗಿನ ನಂಬರು, ಬಾಗಿಲ ಚೌಕಟ್ಟಿನ ನಂಬರು, ಓನರ್‌ಶಿಪ್ ಕಾಗದದ ನಂಬರು ಮೂರೂ ಒಂದೇ ಇರಬೇಕು. ಒಂದೇ ಇದ್ದರೂ ಸಾಲದು, ಚಾಲಾಕಿ ಕಳ್ಳ ಮೂರನ್ನೂ ಬದಲಿಸಿರಬಹುದು. ಅದಕ್ಕೇ ಮೊದಲ ಕಾರನ್ನು ಓಂವಿಕ್, ಅಂದರೆ ಪ್ರಾಂತ್ಯದ ಕಾರು ಡೀಲರುಗಳ ನಿಯಂತ್ರಣ ಸಂಸ್ಥೆ, ಅದರಲ್ಲಿ ನೋಂದಾಯಿತ ಡೀಲರ ಹತ್ತಿರ ಕೊಳ್ಳು ಅನ್ನುತ್ತೇನೆ. ನಾಲ್ಕು ಕಾಸು ಹೆಚ್ಚಾದರೂ, ಏನಾದರೂ ಆದರೆ ಹೋಗಿ ಕೇಳಲು ಒಂದು ಬಾಗಿಲಿರುತ್ತದೆ. ಮಾಲ್ ಪಾರ್ಕಿಂಗಿನಲ್ಲಿ ನಗದು ಎಣಿಸಿ ಕೊಡಬೇಡ.

ಲೈಸೆನ್ಸಿನ ಬಗ್ಗೆ: ನಮ್ಮ ಲೈಸೆನ್ಸಿನಲ್ಲಿ ಇಲ್ಲಿ ನೆಲೆಸಲು ಬಂದ ದಿನದಿಂದ 60 ದಿನ ಮಾತ್ರ ಓಡಿಸಬಹುದು, ನಿನಗೆ ಅರ್ಧ ಈಗಾಗಲೇ ಕಳೆಯಿತು. ಇಲ್ಲಿ ಲೈಸೆನ್ಸಿಗೆ ಜಿ1, ಜಿ2, ಪೂರ್ಣ ಜಿ ಅಂತ ಮೂರು ಮೆಟ್ಟಿಲು. ಜಿ1 ಬರವಣಿಗೆ ಪರೀಕ್ಷೆ ಈ ವಾರವೇ ಮುಗಿಸು. ಊರಿನಲ್ಲಿ ಎರಡು ವರ್ಷಕ್ಕಿಂತ ಹೆಚ್ಚು ಓಡಿಸಿದ್ದಕ್ಕೆ ಲೈಸೆನ್ಸ್ ಕೊಟ್ಟ ಕಚೇರಿಯಿಂದಲೋ ಕಾನ್ಸುಲೇಟಿನಿಂದಲೋ ಅಧಿಕೃತ ಪತ್ರ ತೋರಿಸಿದರೆ, ಕಾಯುವ ಅವಧಿಯಿಲ್ಲದೆ ನೇರವಾಗಿ ಪೂರ್ಣ ಜಿ ಪರೀಕ್ಷೆಗೆ ಹೋಗಬಹುದು. ಜಿ2 ಇರುವವನಿಗೂ ಜಿ ಇರುವವನಿಗೂ ವಿಮೆಯಲ್ಲಿ ದೊಡ್ಡ ಅಂತರವಿದೆ.

ಹೈಲ್ಯಾಂಡರಿನವನಿಗೆ ಮುಂಗಡ ಕೊಟ್ಟಿಲ್ಲ ತಾನೇ? ಕೊಡಬೇಡ. ಡೀಲರುಗಳ ಹತ್ತಿರ ಮೂರು ಸೆಡಾನ್ ನೋಡಿ ಅವುಗಳ ವಿನ್ ನಂಬರ್ ನನಗೂ ಕಳಿಸು, ನಮ್ಮ ಬ್ರೋಕರಿಂದ ಕ್ವೋಟ್ ತರಿಸುತ್ತೇನೆ, ನಿನ್ನವರದ್ದರ ಪಕ್ಕ ಇಟ್ಟು ನೋಡೋಣ. ಊರಿಗೆ ಫೋನ್ ಮಾಡಿ ಡಿಎಲ್ ಎಕ್ಸ್‌ಟ್ರ್ಯಾಕ್ಟಿಗೆ, ಅಂದರೆ ಮೇಲೆ ಹೇಳಿದ ಆ ಅಧಿಕೃತ ಪತ್ರಕ್ಕೆ, ಇವತ್ತೇ ಅರ್ಜಿ ಹಾಕಿಸು. ಆರ್‌ಟಿಒ ಕಚೇರಿಯ ಓಡಾಟ ಎಷ್ಟು ದಿನ ಹಿಡಿಯುತ್ತದೆ ಅಂತ ನಿನಗೆ ನಾನು ಹೇಳಬೇಕಿಲ್ಲ.