ಲೂವ್ರ್ ಮ್ಯೂಸಿಯಂಗೆ ಮಂಗಳವಾರ ರಜಾ!

ಪ್ರಶ್ನೆ: ಮೇಡಂ, ನಾನೂ ಅಮ್ಮನೂ ಮೊದಲ್ನೇ ಸಲ ಪ್ಯಾರಿಸ್‌ಗೆ ಹೋಗೋಣ ಅಂತಿದೀವಿ, ನಾಲ್ಕೇ ದಿನ. ಐಫೆಲ್ ಟವರ್, ಲೂವ್ರ್, ವರ್ಸೈ ಅರಮನೆ ಎಲ್ಲಾ ಆಗುತ್ತಾ? ಅಮ್ಮಂಗೆ ಮಂಡಿನೋವು ಬೇರೆ.

ಉತ್ತರ: ಆಗುತ್ತಮ್ಮ, ಆದ್ರೆ ವಾರ ನೋಡ್ಕೊಂಡು ಪ್ಲಾನ್ ಮಾಡಿ. ಲೂವ್ರ್ ಮಂಗಳವಾರ ಮುಚ್ಚಿರುತ್ತೆ, ವರ್ಸೈ ಅರಮನೆ ಸೋಮವಾರ, ಇದು ಗೊತ್ತಿಲ್ದೆ ನಾನೇ ಒಂದ್ಸಲ ಗೇಟ್ ಮುಂದೆ ಫೋಟೋ ತೆಗೆಸ್ಕೊಂಡು ವಾಪಸ್ ಬಂದಿದೀನಿ. ಐಫೆಲ್ ಟವರ್‌ಗೆ ಲಿಫ್ಟ್ ಟಿಕೆಟ್ಟನ್ನ ಮೊದಲೇ ಆನ್‌ಲೈನಲ್ಲಿ ಬುಕ್ ಮಾಡಿ, ಮೆಟ್ಟಿಲು ಟಿಕೆಟ್ ಅಗ್ಗ ಅಂತ ಆಸೆಪಡ್ಬೇಡಿ, ಎರಡನೇ ಹಂತಕ್ಕೇ 674 ಮೆಟ್ಟಿಲು, ಅಮ್ಮ ನಿಮ್ಮನ್ನ ಜನ್ಮದಲ್ಲಿ ಕ್ಷಮಿಸಲ್ಲ! ಮೆಟ್ರೋ ಫಾಸ್ಟ್ ನಿಜ, ಆದ್ರೆ ಹೆಚ್ಚಿನ ಹಳೇ ಸ್ಟೇಷನ್‌ಗಳಲ್ಲಿ ಲಿಫ್ಟೇ ಇಲ್ಲ, ಹತ್ತಿಳಿದು ಹತ್ತಿಳಿದು ಸುಸ್ತಾಗುತ್ತೆ. ಬಸ್ಸೇ ವಾಸಿ, ಊರೂ ಕಾಣುತ್ತೆ. ವರ್ಸೈಗೆ ಒಂದು ಪೂರ್ತಿ ದಿನ ಇಡಿ, ತೋಟ ದೊಡ್ಡದು. 2019ರಲ್ಲಿ ಬೆಂಕಿ ಬಿದ್ದಿದ್ದ ನೋತ್ರ್ ದಾಮ್ ಚರ್ಚ್ 2024ರ ಡಿಸೆಂಬರಲ್ಲಿ ಮತ್ತೆ ತೆರೀತು, ಒಳಗೆ ಹೋಗೋಕೆ ಫ್ರೀ, ಅದನ್ನ ಬಿಡ್ಬೇಡಿ. ಹಾಂ, ಫ್ರಾನ್ಸ್‌ಗೆ ಹೋಗೋಕೆ ಬೇಕಾದ ಷೆಂಗೆನ್ ವೀಸಾ (ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ) ಅರ್ಜಿ ಹೊರಡೋಕೆ 6 ತಿಂಗಳು ಮುಂಚಿಂದ ಹಾಕಬಹುದು, ಕೊನೇಪಕ್ಷ 15 ದಿನ ಮುಂಚೆ ಹಾಕಲೇಬೇಕು, ಮೊದಲು ಆ ಕೆಲಸ ನೋಡಿ.