ರಾಯಚೂರಿನಲ್ಲಿ ಪಿಯುಸಿ ವಿಜ್ಞಾನ ಓದುತ್ತಿರುವವರು ಬಿ.ಫಾರ್ಮಾ (ಫಾರ್ಮಸಿ ಪದವಿ) ಸೇರಲು ಏನು ಬೇಕು? ಅಲ್ಲಿ ಕಲಿಯುವುದೇನು?

ದ್ವಿತೀಯ ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರಗಳ ಜೊತೆಗೆ ಗಣಿತ ಅಥವಾ ಜೀವಶಾಸ್ತ್ರವನ್ನು ಓದಿ ತೇರ್ಗಡೆಯಾದವರು ಈ 4 ವರ್ಷಗಳ ಪದವಿಗೆ ಅರ್ಹರು; ಸರ್ಕಾರಿ ಕೋಟಾದ ಸೀಟುಗಳನ್ನು ಕರ್ನಾಟಕ ಪರೀಕ್ಷಾ ಪ್ರಾಧಿಕಾರವು ಸಿಇಟಿ ರ‍್ಯಾಂಕಿನ ಆಧಾರದಲ್ಲಿ ಹಂಚುತ್ತದೆ. ರಾಯಚೂರು, ಕೊಪ್ಪಳ, ಬಳ್ಳಾರಿಯ ಸ್ಥಳೀಯ ಅಭ್ಯರ್ಥಿಗಳು 371(ಜೆ) (ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ನೀಡುವ ಸಂವಿಧಾನದ ವಿಧಿ) ಅರ್ಹತಾ ಪ್ರಮಾಣಪತ್ರವನ್ನು ಮೊದಲೇ ಮಾಡಿಸಿಟ್ಟುಕೊಳ್ಳಬೇಕು. ಈ ಭಾಗದ ಕಾಲೇಜುಗಳಲ್ಲಿ ಶೇ. 70ರಷ್ಟು ಸೀಟುಗಳು ಸ್ಥಳೀಯರಿಗೆ ಮೀಸಲಾಗಿರುವುದರಿಂದ ಅದನ್ನು ಕಡೆಗಣಿಸಿದರೆ ನಷ್ಟ ದೊಡ್ಡದು. ಡಿ.ಫಾರ್ಮಾ (ಫಾರ್ಮಸಿ ಡಿಪ್ಲೊಮಾ) ಮುಗಿಸಿದವರಿಗೆ ನೇರವಾಗಿ 2ನೇ ವರ್ಷಕ್ಕೆ ಪ್ರವೇಶವಿದೆ.

ಔಷಧದ ತಯಾರಿಕೆ, ಗುಣಮಟ್ಟ ಪರೀಕ್ಷೆ, ಅದು ದೇಹದೊಳಗೆ ಸೇರಿ, ಕೆಲಸ ಮಾಡಿ, ಹೊರಹೋಗುವ ಬಗೆ, ಎರಡು ಔಷಧಗಳು ಕೂಡಿದಾಗ ಎದುರಾಗಬಹುದಾದ ಅಪಾಯ ಇವೆಲ್ಲವನ್ನೂ ಅರಿತು, ಸರಿಯಾದ ಪ್ರಮಾಣವನ್ನು ರೋಗಿಗೆ ಅರ್ಥವಾಗುವ ಮಾತಿನಲ್ಲಿ ತಿಳಿಸಬಲ್ಲ ಫಾರ್ಮಸಿಸ್ಟರನ್ನು ರೂಪಿಸುವುದು ಈ ಪದವಿಯ ಗುರಿ. ರಸಾಯನಶಾಸ್ತ್ರದ ತಳಹದಿ ದುರ್ಬಲವಾಗಿದ್ದರೆ ಮೊದಲ ವರ್ಷವೇ ಕಷ್ಟವಾಗುತ್ತದೆ, ಆದ್ದರಿಂದ ಆ ವಿಷಯವನ್ನು ಈಗಲೇ ಗಟ್ಟಿಮಾಡಿಕೊಳ್ಳಿ.