ಕಾರು ಮಾರುವ ಬೆನ್ ಕೀಟಿಂಗ್ ಲೆ ಮಾನ್ಸ್‌ನಲ್ಲಿ ವೃತ್ತಿಪರರ ಜೊತೆ ರೇಸ್ ಮಾಡಿದ್ದು ಹೇಗೆ?

ಅಲ್ಲಿನ ನಿಯಮಕ್ಕೇ ಅವರಂಥವರು ಬೇಕು, ಅದಕ್ಕೆ. ಫ್ರಾನ್ಸಿನ ಈ 24 ಗಂಟೆಯ ರೇಸಿನಲ್ಲಿ ಒಂದು ಕಾರನ್ನು ಮೂವರು ಸರದಿಯಲ್ಲಿ ಓಡಿಸುತ್ತಾರೆ. ಕೀಟಿಂಗ್ ಇದ್ದ ಜಿಟಿಇ ಆಮ್ ವಿಭಾಗದಲ್ಲಿ ಅವರಲ್ಲೊಬ್ಬರು 'ಬ್ರಾಂಜ್' ದರ್ಜೆಯವರಿರಬೇಕಿತ್ತು, ಅಂದರೆ ರೇಸಿಂಗ್ ಹೊಟ್ಟೆಪಾಡಲ್ಲದ ಹವ್ಯಾಸಿ. ದುಡ್ಡು ಹಾಕಿ ಸುಮ್ನೆ ಕೂರೋ ಹಾಗಿಲ್ಲ, ಗೊತ್ತುಮಾಡಿದಷ್ಟು ಹೊತ್ತು ಸ್ಟೀರಿಂಗ್ ಹಿಡಿಯಲೇಬೇಕು. ವೃತ್ತಿಪರರದ್ದು ಹೆಚ್ಚುಕಮ್ಮಿ ಒಂದೇ ವೇಗ ಅಲ್ವಾ, ಹಾಗಾಗಿ ಹವ್ಯಾಸಿ ಎಷ್ಟು ಕಡಿಮೆ ಸಮಯ ಕಳೆದುಕೊಳ್ಳುತ್ತಾರೆ ಅನ್ನೋದರ ಮೇಲೆಯೇ ಗೆಲುವು ನಿಂತಿರುತ್ತದೆ. ಟೆಕ್ಸಾಸ್‌ನ ಈ ಡೀಲರ್ ಅದರಲ್ಲಿ ಪಳಗಿದವರು. 2022ರಲ್ಲಿ ಆಸ್ಟನ್ ಮಾರ್ಟಿನ್, 2023ರಲ್ಲಿ ಕಾರ್ವೆಟ್ ಓಡಿಸಿ ವಿಭಾಗ ಗೆದ್ದರು. 2019ರಲ್ಲೂ ಫೋರ್ಡ್ ಜಿಟಿಯಲ್ಲಿ ಮೊದಲು ಬಂದಿದ್ದರು, ಆದರೆ ಟ್ಯಾಂಕು 96 ಲೀಟರ್ ಮಿತಿಗಿಂತ ಬರೀ 0.1 ಲೀಟರ್ ಜಾಸ್ತಿ ಹಿಡಿಯಿತು ಅಂತ ಅನರ್ಹಗೊಳಿಸಿದರು.